ಮಾತು ಕೇಳಿಸುವ ಸ್ಪೀಕರ್

ಅಂಗಡಿಯವನು ಒಂದು ಸಲವೂ ನನ್ನ ಮುಖ ನೋಡಲಿಲ್ಲ. ಸ್ಪೀಕರ್ ಬೇಕೆಂದು ಕೇಳಿದವಳು ನಾನು. ಮನೆಯ ಕಂಪ್ಯೂಟರ್ ನನ್ನದು, ಪರ್ಸಿನಲ್ಲಿದ್ದ ಮೂರು ಸಾವಿರ ರೂಪಾಯಿ ನನ್ನ ಸಂಬಳದ್ದು. ಆದರೂ ಅವನು ಉತ್ತರ ಕೊಟ್ಟದ್ದೆಲ್ಲ ಪಕ್ಕದಲ್ಲಿ ಮೊಬೈಲ್ ನೋಡುತ್ತ ನಿಂತಿದ್ದ ನನ್ನ ಗಂಡನಿಗೆ.

ನಾನು ನಿಂಬರ್ಗಾದ ಶಾಲೆಯಲ್ಲಿ ಟೀಚರ್. ಮನೆ ಆಳಂದದಲ್ಲಿ. ಹೋದ ವರ್ಷ ನನ್ನ ಅವ್ವ ಅಫಜಲಪುರದಿಂದ ನಮ್ಮ ಮನೆಗೆ ಬಂದಳು. ಅಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಟ್ಟಿನ ಗಿರಣಿ ನಡೆಸಿದವಳು ಅವಳು. ಆ ಗದ್ದಲದಲ್ಲಿ ಕಿವಿ ಮಂದವಾಗಿವೆ. ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಕಂಪ್ಯೂಟರಿನಲ್ಲಿ ಹಳೆಯ ಸಿನಿಮಾ ಹಾಕಿಕೊಟ್ಟರೆ ಮಾನಿಟರಿನೊಳಗಿನ ಸ್ಪೀಕರಿನ ಸಣ್ಣ ದನಿಗೆ ಮುಂದೆ ಬಾಗಿ ಕೂತು, "ಏನಂದ್ಳವಾ ಆಕಿ? ಯಾಕ್ ಅಳಾಕತ್ತಾಳ?" ಎಂದು ನನ್ನನ್ನೇ ಕೇಳುತ್ತಿದ್ದಳು. ನನಗೂ ಒಂದು ಆಸೆ ಇತ್ತು. ಮದುವೆಗೆ ಮುಂಚೆ ಆರು ವರ್ಷ ಹಾಡು ಕಲಿತವಳು ನಾನು. ನನ್ನ ಗುರುಗಳು ಹಾಡಿದ ವಚನಗಳು ಒಂದು ಪೆನ್‌ಡ್ರೈವಿನಲ್ಲಿದ್ದವು. ಆ ಮಾನಿಟರಿನಲ್ಲಿ ಹಚ್ಚಿದರೆ ತಂಬೂರಿ ನೊಣ ಗುಂಯ್‌ಗುಟ್ಟಿದ ಹಾಗೆ ಕೇಳಿಸುತ್ತಿತ್ತು.

"ಕೋಣಿ ಸಣ್ಣದದ. ಮಾತು ಸ್ವಚ್ಛ ಕೇಳಸ್ಬೇಕು, ಹಾಡೂ ಚಲೋ ಇರ್ಬೇಕು. ಮೂರು ಸಾವಿರದೊಳಗ ಏನವ, ತೋರಸ್ರಿ," ಎಂದೆ.

"ಸರ್, ಇದು ತಗೊಳ್ರಿ. ಬೇಸ್ ನೋಡ್ರಿ ಹೆಂಗದ!" ಅಂಗಡಿಯವನು ಇವರತ್ತ ತಿರುಗಿ ಹೇಳುತ್ತ ಒಂದು ದೊಡ್ಡ ಕರಿ ಡಬ್ಬ, ಅದರ ಜೊತೆ ಗೇಣುದ್ದವೂ ಇಲ್ಲದ ಎರಡು ಸ್ಪೀಕರ್ ತಂದಿಟ್ಟ. ಸ್ವಿಚ್ ಒತ್ತಿದ ಕೂಡಲೇ ಕೆಂಪು ನೀಲಿ ದೀಪಗಳು ಹತ್ತಿ ಆರಿ ಕುಣಿದವು. ಅವನು ಹಚ್ಚಿದ ಹಾಡಿನ ದಪ್ಪ ಸದ್ದಿಗೆ, ಆ ಬೇಸಿಗೆ, ಗಾಜಿನ ಕಪಾಟು ಅದುರಿತು.

"ನಾ ತಂದ ಹಾಡು ಹಚ್ಚಿ ತೋರಸ್ರಿ," ಎಂದು ಪೆನ್‌ಡ್ರೈವ್ ಚಾಚಿದೆ.

"ಯಾವ ಹಾಡು ಹಚ್ಚಿದ್ರೂ ಹಿಂಗೇ ಬರ್ತದ್ರಿ ಮೇಡಂ," ಎಂದ. ಮತ್ತೆ ಇವರ ಕಡೆಗೆ, "ಹೆಣ್ಮಕ್ಕಳಿಗೆ ಇದರಾಗಿಂದು ತಿಳಿಯಂಗಿಲ್ಲ ಬಿಡ್ರಿ ಸರ್."

ಇವರು ನಕ್ಕರು. ಅವನ ಮಾತಿಗಿಂತ ಇವರ ನಗು ನನ್ನನ್ನು ಹೆಚ್ಚು ಸುಟ್ಟಿತು. "ಪ್ಯಾಕ್ ಮಾಡ್ರಿ," ಎಂದದ್ದೂ ಇವರೇ. ನಾಲ್ಕು ಜನರೆದುರು ಗಂಡನ ಮಾತು ತೆಗೆದುಹಾಕುವುದು ಬೇಡವೆಂದು ನಾನು ಸುಮ್ಮನೆ ಹಣ ಕೊಟ್ಟೆ. ಹಾಗೆ ಬಾಯಿ ಮುಚ್ಚಿಕೊಂಡದ್ದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮನೆಗೆ ಬಂದು ಹಾಡು ಹಚ್ಚಿದರೆ ಗುರುಗಳ ದನಿ ಬಾವಿಯೊಳಗಿಂದ ಬಂತು. ತಬಲಾ ಮಾತ್ರ ದಬ್ ದಬ್ ಎಂದು ಎದೆಗೆ ಗುದ್ದಿತು. ಬೇಸ್ ಪೂರ್ತಿ ಇಳಿಸಿದರೆ ದನಿ ತಗಡಿನ ಹಾಗಾಯಿತು. ಸಿನಿಮಾ ಹಾಕಿದೆವು. ಅದರೊಳಗೆ ಯಾರೋ ಬಾಗಿಲು ಹಾಕಿದ ಸದ್ದಿಗೆ ಅಡುಗೆಮನೆಯ ತಾಟುಗಳು ಝಲ್ಲೆಂದವು. ಅವ್ವ ಬೆಚ್ಚಿಬಿದ್ದು, "ಇದಕ್ಕಿಂತ ನನ್ನ ಗಿರಣಿನೇ ಚಲೋ ಇತ್ತಲ್ಲವಾ," ಎಂದಳು.

"ಥೇಟರ್ ಆದಂಗ ಆಗ್ಯದ ನೋಡು," ಇವರಿಗೆ ಖುಷಿಯೋ ಖುಷಿ.

"ಅವ್ವಗ ಒಂದು ಮಾತೂ ತಿಳಿವಲ್ದುರಿ."

"ಆಕಿ ಕಿವಿನೇ ಹಂಗ ಅವ. ಅದಕ್ಕ ಸ್ಪೀಕರ್ ಏನ್ ಮಾಡ್ತದ?"

ಸಿನಿಮಾದ ಒಂದು ಮಾತೂ ತಿಳಿಯದ ಅವ್ವನಿಗೆ ಈ ಮಾತು ಮಾತ್ರ ಸರಿಯಾಗಿ ತಿಳಿಯಿತು. ಸೆರಗು ಸರಿಮಾಡಿಕೊಂಡು ಎದ್ದು ಒಳಗೆ ಹೋದಳು.

ಮರುದಿನ ಶಾಲೆಯಿಂದ ಬಂದವಳೇ ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ ಆಟೋದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ.

"ಸರ್ ಬಂದಿಲ್ಲೇನ್ರಿ?" ಅಂಗಡಿಯವನ ಮೊದಲ ಪ್ರಶ್ನೆ.

"ಅವರ್ಯಾಕ್ ಬರ್ಬೇಕು?"

"ತಗೊಂಡವರು ಅವರಲ್ರಿ. ಬಿಲ್ಲೂ ಅವರ ಹೆಸರಿಗೇ ಅದ. ಅವರನ್ನ ಕರ್ಕೊಂಡ್ ಬರ್ರಿ, ಮಾತಾಡೂಣು."

ಬಿಲ್ಲು ತೆಗೆದು ನೋಡಿದೆ. ನಿಜ, ಇವರ ಹೆಸರಿತ್ತು. ನನ್ನ ಹೆಸರನ್ನು ಯಾರೂ ಕೇಳಿಯೇ ಇರಲಿಲ್ಲ. "ರೊಕ್ಕ ತಗೊಳ್ಳಾಗ ನನ್ನ ಕೈ ಕಾಣಸ್ತಿತ್ತು, ಈಗ ನನ್ನ ಬಾಯಿ ಕಾಣವಲ್ದೇನು?" ಎಂದು ಕೂಗಿದೆ. ಕುರ್ಚಿ ಎಳೆದುಕೊಂಡು ಕುಳಿತೆ. "ನನ್ನ ಹಾಡು ಹಚ್ಚಿ ಕೇಳೋತನ ನಾ ಏಳಂಗಿಲ್ಲ. ಎಷ್ಟವ ಎಲ್ಲಾ ಕೆಳಗ ಇಳಸ್ರಿ."

ಅವನು ಕದಲಲಿಲ್ಲ. ಪ್ರಿಂಟರಿನ ಶಾಯಿ ಒಯ್ಯಲು ಬಂದಿದ್ದ ಹಿರಿಯರೊಬ್ಬರು, "ಕೇಳಸು ಭಾಯಿ, ಮೇಡಂ ತಪ್ಪೇನ್ ಹೇಳಾಕತ್ತಾರ?" ಎಂದರು. ಅಂಗಡಿಯವನು ಕೂಡಲೇ ಸ್ಟೂಲ್ ಹತ್ತಿದ. ನಾನು ಹತ್ತು ಸಲ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ, ಒಬ್ಬ ಗಂಡಸು ಒಮ್ಮೆ ಹೇಳಿದ್ದು ಬಿತ್ತು. ಆ ಹಿರಿಯರ ಉಪಕಾರವೂ ನನಗೆ ಕಹಿಯಾಯಿತು.

ಐದು ಜೋಡಿ ಕೇಳಿದೆ. ಪ್ರತಿಯೊಂದರಲ್ಲೂ ಅದೇ ವಚನದ ಮೊದಲ ಸಾಲು, ಆಮೇಲೆ ಸಿನಿಮಾದಲ್ಲಿ ಇಬ್ಬರು ಹೆಂಗಸರು ಮೆಲ್ಲಗೆ ಮಾತಾಡುವ ಒಂದು ನಿಮಿಷ. ಎಷ್ಟು ವ್ಯಾಟ್ ಶಕ್ತಿಯೆಂದು ಡಬ್ಬದ ಮೇಲೆ ಬರೆದದ್ದನ್ನು ನೋಡಲಿಲ್ಲ, ಕಣ್ಣು ಮುಚ್ಚಿ ಕುಳಿತೆ. ಕೊನೆಗೆ ಮೇಲಿನ ಹಲಗೆಯಿಂದ ಧೂಳು ಹಿಡಿದ ಎರಡು ಕಟ್ಟಿಗೆಯ ಪೆಟ್ಟಿಗೆಗಳು ಇಳಿದವು. ಬೇಸಿಗೆಂದು ಬೇರೆ ಡಬ್ಬವಿಲ್ಲ, ದೀಪವಿಲ್ಲ. ಹಚ್ಚಿದಾಗ ತಂಬೂರಿಯ ತಂತಿಗಳು ಒಂದೊಂದಾಗಿ ಕೇಳಿಸಿದವು. ಸಾಲು ಮುಗಿಸಿ ಗುರುಗಳು ಉಸಿರೆಳೆದುಕೊಂಡದ್ದೂ ಕೇಳಿಸಿತು. ಅಳು ಬಂತು. ಆ ಮನುಷ್ಯನೆದುರು ಅಳಬಾರದೆಂದು ಹಲ್ಲು ಕಚ್ಚಿ ಕುಳಿತೆ.

"ಇವೇ ಕೊಡ್ರಿ."

"ಇವಕ್ಕ ಬೇಸ್ ಇಲ್ರಿ, ಆಮ್ಯಾಲ ಅನಬ್ಯಾಡ್ರಿ."

ಬೆಲೆ ಮೊದಲಿನದಕ್ಕಿಂತ ಕಡಿಮೆ. ದೊಡ್ಡದನ್ನು ತಿರುಗಿ ತೆಗೆದುಕೊಂಡರೂ ಉಳಿದ ಹಣ ವಾಪಸ್ ಕೊಡಲು ಒಪ್ಪದೆ ನನಗೆ ಬೇಡದ ಒಂದು ಮೌಸನ್ನು, ವೈರಿನ ಬೋರ್ಡನ್ನು ಗಂಟು ಹಾಕಿದ. ಅದಕ್ಕೂ ಜಗಳ ತೆಗೆಯುವಷ್ಟು ಶಕ್ತಿ ಉಳಿದಿರಲಿಲ್ಲ. ಆದರೆ ಬಿಲ್ಲು ಮಾತ್ರ ನನ್ನ ಹೆಸರಿಗೇ ಬರೆಸಿದೆ, ಒಂದೊಂದು ಅಕ್ಷರ ಹೇಳಿ.

ಮಾನಿಟರಿನ ಎರಡು ಬದಿಗೆ ಹಳೆಯ ಪಠ್ಯಪುಸ್ತಕ ಪೇರಿಸಿ, ಕುಳಿತ ಅವ್ವನ ಕಿವಿಯ ಎತ್ತರಕ್ಕೆ ಸ್ಪೀಕರ್ ಇಟ್ಟೆ. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ಅವ್ವ, "ಸುಳ್ಳು ಹೇಳಾಕತ್ತಾಳ ಇಕಿ, ನಂಬಬ್ಯಾಡ ಲೇ!" ಎಂದು ಪರದೆಯೊಳಗಿನ ಸೊಸೆಯನ್ನು ಬೈದಳು. ಎಲ್ಲ ಮಾತು ತಿಳಿದಿತ್ತು. ಎಲ್ಲವೂ ಅಲ್ಲದಿದ್ದರೂ ಬೈಯುವಷ್ಟಂತೂ ತಿಳಿದಿತ್ತು. ಇವರು ಬಂದು ನೋಡಿ, "ದೊಡ್ಡದೆಲ್ಲಿ?" ಎಂದರು. ಹೇಳಿದೆ. ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟರು.

ತಿಂಗಳ ಮೇಲೆ ಜೇವರ್ಗಿಯಿಂದ ಇವರ ಅಣ್ಣ ಬಂದರು. ಹಾಡು ಕೇಳಿ, "ಎಷ್ಟು ಸ್ವಚ್ಛ ಅದನೋ! ಎಲ್ಲಿ ಸಿಕ್ತು?" ಎಂದರು.

"ಹತ್ತು ನೋಡಿ ಆರಿಸಿ ತಂದೀನಿ ಅಣ್ಣಾ," ಎಂದರು ಇವರು. "ಮಂದಿ ಬೇಸ್ ಬೇಸ್ ಅಂತ ಮೋಸ ಹೋಗ್ತಾರ."

ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ. ತಟ್ಟೆ ಕೆಳಗಿಟ್ಟು, ನಿಂತಲ್ಲೇ ಎಲ್ಲ ಹೇಳಿದೆ. ಅಂಗಡಿಯಲ್ಲಿ ನಕ್ಕದ್ದನ್ನು, ಬಿಲ್ಲನ್ನು, ಅವ್ವನ ಕಿವಿಯ ಬಗ್ಗೆ ಆಡಿದ ಮಾತನ್ನು, ಯಾವುದನ್ನೂ ಬಿಡಲಿಲ್ಲ.

"ಅಣ್ಣನ ಮುಂದ ಮರ್ಯಾದಿ ತೆಗೀತಿಯೇನು?" ಇವರು ಎದ್ದು ನಿಂತರು.

"ಮೊದಲ ಅವ್ವಗ ತಪ್ಪಾಯ್ತು ಅನ್ರಿ."

ಇವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಭಾವ ಚಹಾ ಮುಗಿಸಿ, ಜೇವರ್ಗಿಗೆ ಮುಂದಿನ ಬಸ್ಸು ಎಷ್ಟಕ್ಕೆಂದು ಕೇಳಿದರು. ಆ 'ತಪ್ಪಾಯ್ತು' ಇನ್ನೂ ಬಂದಿಲ್ಲ. ನಾನೂ ಕೇಳುವುದನ್ನು ಬಿಟ್ಟಿಲ್ಲ.