ಪಾತ್ರದ ಹೆಸರು ಕೇಳುತ್ತಿದ್ದ ಮಾಸ್ತರು

ರೋಣದ ಬಸವಂತಪ್ಪ ಮಾಸ್ತರು ಬೇರೆಯವರ ಕಥೆಗಳನ್ನು ಮೂಗಿನಿಂದ ಓದುತ್ತಿದ್ದರು. ಬರೆದವರು ಎದುರಿಗೇ ಕೂತಿರುವಾಗ, ಜ್ವರ ಬಂದವರ ದನಿ ತೆಗೆದು ಒಂದೊಂದು ಸಾಲನ್ನೂ ಎಳೆದೆಳೆದು ಓದುವುದು. ಕಥೆಯೊಳಗೆ ಮೊದಲ ಮನುಷ್ಯ ಕಾಣಿಸಿದ ಕೂಡಲೇ ಎಡಗೈ ಎತ್ತಿ, "ಇವ್ರು ಯಾರ್ರಿ?" ಎನ್ನುವುದು. ಆ ಎತ್ತಿದ ಕೈ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ತೀರಿಹೋದವರ ಬಗ್ಗೆ ಹೀಗೆಲ್ಲ ಬರೆಯಬಾರದು ಎಂದು ನನ್ನ ಗಂಡ ಹೇಳಿದ. ಬದುಕಿದ್ದವರ ಬಗ್ಗೆ ಮಾಸ್ತರು ಆಡಿದ ಮಾತುಗಳನ್ನು ಅವನು ಕೇಳಿಲ್ಲ.

ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು ಅವರು. ರವಿವಾರ ಮಧ್ಯಾಹ್ನ ಅವರ ಪಡಸಾಲೆಯಲ್ಲಿ ರೋಣ, ನರಗುಂದ, ಗಜೇಂದ್ರಗಡಗಳ ಏಳೆಂಟು ಮಂದಿ ಕಥೆಗಾರರು ಸೇರುತ್ತಿದ್ದೆವು. ಹೆಂಗಸು ನಾನೊಬ್ಬಳೇ. ಗಜೇಂದ್ರಗಡದಲ್ಲಿ ಸಾಲಿ ಅಕ್ಕೋರು ನಾನು. ವಾರವೆಲ್ಲ ಮಕ್ಕಳನ್ನು ಬೈದು, ರವಿವಾರ ಬಸ್ಸು ಹತ್ತಿ ಬೈಸಿಕೊಳ್ಳಲು ಹೋಗುತ್ತಿದ್ದೆ. ಕಾರಣವಿತ್ತು. ಮೂರೂ ಊರಿನವರ ಕಥೆಗಳ ಒಂದು ಸಂಕಲನ ಬರುವುದಿತ್ತು, ಆಯ್ಕೆ ಮಾಸ್ತರರ ಕೈಯಲ್ಲಿತ್ತು. ನನಗೆ ನಲವತ್ತು ದಾಟಿತ್ತು, ಅಚ್ಚಿನಲ್ಲಿ ನನ್ನದೊಂದು ಸಾಲೂ ಬಂದಿರಲಿಲ್ಲ.

ನರಗುಂದದ ಒಬ್ಬ ಕಂಡಕ್ಟರ್ ಹೆದರುತ್ತಲೇ ಒಂದು ಕಥೆ ತಂದಿದ್ದ. ಅದರಲ್ಲಿ ಒಬ್ಬನೇ ಮನುಷ್ಯ ಮೊದಲ ಸಾಲಿಗೆ ರೈತ, ಆಮೇಲೆ ಮುದುಕ, ಆಮೇಲೆ ಗಂಗಪ್ಪ, ಕೊನೆಗೆ ಆ ನತದೃಷ್ಟ ಜೀವಿ. ಮಾಸ್ತರು ಓದುವುದನ್ನು ನಿಲ್ಲಿಸಿ ಒಳಗಿದ್ದ ಹೆಂಡತಿಗೆ, "ಏ ಶಿರೋಳದಾಕಿ, ಇನ್ನ ನಾಕ ಕಪ್ ಚಾ ಇಡು, ಮಂದಿ ಬಂದಾರ" ಎಂದು ಕೂಗಿದರು. ಆಕೆ ಪಾಪ ಖರೇ ಎಂದುಕೊಂಡು ನಾಲ್ಕು ಕಪ್ಪು ತಂದಳು. ನಾಲ್ಕನ್ನೂ ಕಂಡಕ್ಟರನ ಮುಂದೆ ಇಡಿಸಿದರು.

"ಇಷ್ಟ ಮಂದಿನ ಕರಕೊಂಡ ಬಂದೀರಿ, ಎಲ್ಲಾರ ಪಾಲಿಂದೂ ನೀವ ಕುಡೀರಿ. ಗಂಗಪ್ಪ ಅಂದ ಮ್ಯಾಲೆ ಗಂಗಪ್ಪನ. ಹತ್ತ ಸರ್ತಿ ಬಂದ್ರೂ ಗಂಗಪ್ಪನ. ಓದೂ ಮಂದಿಗೆ ಬ್ಯಾಸರಾಗತೈತಿ ಅಂತ ನೀವ್ಯಾಕ ಹೆದರತೀರಿ?"

ಕಂಡಕ್ಟರ್ ನಾಲ್ಕೂ ಕುಡಿದ. ಮತ್ತೆಂದೂ ಆ ಕಡೆ ತಲೆ ಹಾಕಲಿಲ್ಲ. ನಾವೆಲ್ಲ ನಕ್ಕೆವು, ನಾನೂ ನಕ್ಕೆ. ಮಾಸ್ತರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವರನ್ನು ಸಹಿಸಿಕೊಳ್ಳಲು ಆಗದಂತೆ ಮಾಡಿದ್ದು ಅದೇ. ಬರೇ ಸೊಕ್ಕಿನ ಮನುಷ್ಯನಾಗಿದ್ದರೆ ನಾನು ಎರಡನೇ ರವಿವಾರವೇ ಬಿಡುತ್ತಿದ್ದೆ.

ಸಂಕಲನಕ್ಕೆ ಕಥೆ ಕೊಡುವ ನನ್ನ ಸರದಿ ಬಂತು. ನಾನು ಬರೆದದ್ದು ನನ್ನ ಅತ್ತೆಯ ಕಥೆ. ನಮ್ಮ ಕಡೆ ಸೊಸೆಯಾಗಿ ಬಂದವಳನ್ನು ತವರೂರಿನ ಮೇಲೆ ಕರೆಯುತ್ತಾರೆ. ನನ್ನ ಅತ್ತೆ ಐವತ್ತು ವರ್ಷದಿಂದ ಓಣಿಗೆಲ್ಲ ಇಟಗಿಯಾಕಿ. ಕಥೆಯಲ್ಲೂ ಹಾಗೆಯೇ ಬರೆದಿದ್ದೆ. ಮೊದಲ ಸಾಲಿಗೇ ಕೈ ಎದ್ದಿತು.

"ಈಕಿ ಹೆಸರೇನ್ರಿ?"

"ಎಲ್ಲಾರೂ ಹಂಗ ಕರೀತಾರ್ರಿ ಸರ್."

"ಓಣಿ ಕರೀತೈತಿ. ಕಥಿ ಬರಿಯಾಕಿ ನೀವೋ, ಓಣಿಯೋ?"

ಅತ್ತೆಯ ಹೆಸರನ್ನು ರೇಷನ್ ಕಾರ್ಡಿನಲ್ಲಿ ನೋಡಿದ್ದೆ. ಆದರೆ ಸೊಸೆ ಅದನ್ನು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ, ಬರೆಯಲು ಕೈ ಏಳಲಿಲ್ಲ. ಮುಂದಿನ ವಾರ ಶಾಂತವ್ವ ಎಂದು ಮಾಡಿಕೊಂಡು ಹೋದೆ. "ಇದು ಅಂಗಡ್ಯಾಗಿಂದ ತಂದ ಹೆಸರು, ಆಕಿ ಮೈಗೆ ಹತ್ತವಲ್ದು" ಎಂದು ಹಾಳೆ ಹಿಂದಕ್ಕೆ ಕೊಟ್ಟರು. ಮೂರನೇ ವಾರ ಬರೀ 'ಅತ್ತೆ' ಎಂದು ಬರೆದೆ. ಮಾಸ್ತರು ಹಾಳೆಗಳನ್ನು ನನ್ನ ಕಾಲಬಳಿ ಬಿಸಾಡಿದರು.

"ಸ್ವಂತ ಅತ್ತೀ ಹೆಸರ ಬರಿಲಿಕ್ಕಾಗದಾಕಿ ಕಥಿ ಏನ್ ಬರೀತೀರಿ? ಇದು ಸಂಕಲನಕ್ಕ ಬರಂಗಿಲ್ಲ." ಅಷ್ಟು ಹೇಳಿ, ಏನೂ ಆಗಿಲ್ಲದವರಂತೆ ಒಳಗೆ ಮುಖ ಮಾಡಿ, "ಶಿರೋಳದಾಕಿ, ಚಾ ತಾ" ಎಂದರು.

ನಾಲ್ಕು ವರ್ಷದಿಂದ ಕೇಳುತ್ತಿದ್ದ ಕೂಗು. ಅವತ್ತು ಮಾತ್ರ ಕಿವಿಗೆ ಹತ್ತಿತು. ಬಗ್ಗಿ ಹಾಳೆ ಆರಿಸುತ್ತಲೇ ಕೇಳಿದೆ: "ಸರ್, ನಿಮ್ಮ ಮನ್ಯಾವ್ರ ಹೆಸರೇನ್ರಿ?"

ಮಾಸ್ತರರ ಮುಖ ಕಪ್ಪಾಯಿತು. "ಅದು ಮನಿ ಮಾತು. ಇದು ಸಾಹಿತ್ಯ" ಎಂದರು. ಗಂಡಸರೆಲ್ಲ ನೆಲ ನೋಡಿದರು. ಸುಳ್ಳು ಯಾಕೆ, ನನಗೆ ಭಾರೀ ಖುಷಿಯಾಯಿತು. ಗೆದ್ದೆ ಅನಿಸಿತು.

ಅಷ್ಟರಲ್ಲಿ ಆಕೆಯೇ ಚಹಾ ತಂದಳು. "ಗೌರವ್ವ ಅಂತ್ರಿ ನನ್ನ ಹೆಸರು" ಎಂದು ನನ್ನ ಮುಂದೆ ಕಪ್ಪು ಇಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾಕ ವರ್ಷ ಆತ್ರಿ ಅಕ್ಕೋರ, ನೀವು ಬರಾಕತ್ತು. ಇವ್ರು ಹೇಳಲಿಲ್ಲ, ಖರೇ. ನೀವೂ ಒಂದ ದಿನ ಕೇಳಲಿಲ್ಲಲ್ರಿ. ಇವತ್ತ ಕೇಳಿದ್ದೂ ನನ್ನ ಸಲುವಾಗಿ ಅಲ್ಲ ಬಿಡ್ರಿ."

ನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಆ ಮನೆಯ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ಗಂಡಸರ ಸಾಲಿನಲ್ಲಿ ಕೂತು ಚಹಾ ಕುಡಿಯುವುದನ್ನೇ ದೊಡ್ಡದೆಂದುಕೊಂಡಿದ್ದೆ. ನಾಚಿಕೆಯಾಗಿ ಅವತ್ತಿನ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಮಾಸ್ತರರನ್ನು ನೋಡಿದ್ದು ಅದೇ ಕೊನೆ. ಸಂಕಲನ ನನ್ನ ಕಥೆಯಿಲ್ಲದೆ ಬಂತು. ಹೋದ ವರ್ಷ ಅವರು ತೀರಿಕೊಂಡರೆಂದು ಕೇಳಿದಾಗ ನನಗೆ ಅಳು ಬರಲಿಲ್ಲ. ಅವರ ಮೇಲಿನ ಸಿಟ್ಟು ಈಗಲೂ ಹಾಗೆಯೇ ಇದೆ. ಅವರ ಹೆಂಡತಿಯನ್ನು ಮಾತಾಡಿಸಲೆಂದು ಮಾತ್ರ ರೋಣಕ್ಕೆ ಹೋದೆ. ಬಸ್ಸಿನಲ್ಲಿ ಆ ಹೆಸರನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡೆ.

ಕಟ್ಟೆಯ ಮೇಲೆ ಮಾಸ್ತರರ ತಂಗಿ ಕೂತಿದ್ದಳು.

"ಗೌರವ್ವಾರ ಅದಾರೇನ್ರಿ?"

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಂಗಂದ್ರ ಯಾರ್ರಿ? ಆ ಹೆಸರಿನವ್ರು ಈ ಮನ್ಯಾಗ ಯಾರೂ ಇಲ್ರಿ."

ಎರಡು ಸಲ ಹೇಳಿ ನೋಡಿದೆ. ಕೊನೆಗೆ ನಾನೂ ಶಿರೋಳದಾಕಿ ಅನ್ನಬೇಕಾಯಿತು.