ಲಿಫ್ಟಿಗೆ ಬೆಂಕಿ ಬೀಳ್ಲಿ ಅಂದದ್ದು

ವಡೋದರಾದಾಗ ನಮ್ಮ ಮನಿಮಂದಿಗೆ ಒಂದು ದೊಡ್ಡ ಸವಲತ್ತು ಇತ್ತು. ಏನಂದ್ರ, ನಾವು ಯಾರ ಮುಂದ ಏನ ಮಾತಾಡಿದ್ರೂ ಅವ್ರಿಗೆ ತಿಳೀತಿರ್ಲಿಲ್ಲ. ಮಂಜಲ್‌ಪುರದ ನಮ್ಮ ಅಪಾರ್ಟ್‌ಮೆಂಟಿನ್ಯಾಗ ಕನ್ನಡದವ್ರು ಅಂದ್ರ ನಾವೊಂದ ಮನಿ. ಅಪ್ಪಗ ವಿಮಾ ಆಫೀಸಿನ್ಯಾಗ ಕೆಲಸ, ಹುಬ್ಬಳ್ಳಿಂದ ಇಲ್ಲಿಗೆ ಟ್ರಾನ್ಸ್‌ಫರ್ ಆತು. ನಾ ಕಾಲೇಜು ಮುಗಿಸಿ ಹಿಂದಿಂದ ಬಂದು ಮಕರ್‌ಪುರಾದ ಒಂದು ಫ್ಯಾಕ್ಟರಿ ಆಫೀಸಿನ್ಯಾಗ ಸೇರ್ಕೊಂಡೆ. ಅವ್ವ ನಮ್ಮಿಬ್ರನ್ನೂ ಬೈಯೋ ಕೆಲಸ ಮುಂದುವರಿಸಿದ್ಲು.

ಕಾಯಿಪಲ್ಲೆ ಗಾಡಿ ಮುಂದ ನಿಂತು ಅವ್ವ ನಗನಗ್ತಾ, "ಈ ಟೊಮ್ಯಾಟೊ ಇವನ ಲಗ್ನದಾಗ ತಂದದ್ದಿರಬೇಕು" ಅಂತಿದ್ಲು. ಗಾಡಿಯಂವನೂ ನಗ್ತಿದ್ದ. ಮಂದಿ ವಾಟ್ಸ್ಯಾಪ್ ಸುರಕ್ಷಿತ, ಅದರ ಬೀಗ ಯಾರೂ ತಗ್ಯಾಂಗಿಲ್ಲ ಅಂತಾರಲ್ಲ, ನಮ್ಮ ಬಾಯಿಗೆ ಆ ಬೀಗ ಹುಟ್ಟಿನಿಂದನ ಬಂದಿತ್ತು.

ಫೋನಿನ ವಿಷಯದಾಗ ಮಾತ್ರ ನನ್ನಂಥ ಪೆದ್ದ ಇಡೀ ಗುಜರಾತಿನ್ಯಾಗ ಸಿಗಾಂಗಿಲ್ಲ. "ನೀವು ಯಾವ ತರಕಾರಿ?" ಅಂತ ಒಂದು ಆಟ ಬಂದಿತ್ತು. ಹೆಸರು, ನಂಬರು, ಹುಟ್ಟಿದ ತಾರೀಖು, ಎಲ್ಲಾ ಕೊಟ್ಟೆ. "ನೀವು ಬದನೀಕಾಯಿ" ಅಂತು. ಅವತ್ತಿನಿಂದ ಹೊತ್ತು ಹುಟ್ಟಿದ್ರ ಸಾಕು, ಪ್ಲಾಟ್ ಮಾರಾವ್ರು, ಸಾಲ ಕೊಡಾವ್ರು, ಕೂದಲಾ ಬೆಳಸಾವ್ರು ಫೋನ್ ಮಾಡ್ತಾರ. ಬದನೀಕಾಯಿಗೆ ಕೂದಲ ಯಾಕ್ರಿ? ಇಂಥಾ ನಾನು, ಊರಿಗೆಲ್ಲಾ ನನ್ನ ಜಾತಕ ಹಂಚಿದಾಂವ, ಖಾಸಗಿತನಕ್ಕಂತ ಸೊಂಟಾ ಕಟ್ಟಿ ನಿಂತೆ ಅಂದ್ರ ನಗಬ್ಯಾಡ್ರಿ. ನಕ್ಕರೂ ನಾ ಬಿಡಾಂಗಿಲ್ಲ. ನನ್ನದನ್ನ ನಾ ಮೂರ್ಖತನದಿಂದ ಕೊಟ್ಟಿರಬಹುದು. ಕೇಳಲಾರದ ತಗೊಳ್ಳೋದು ಬ್ಯಾರೆ ಮಾತು.

ಹಂಗ ತಗೊಂಡದ್ದು ನಮ್ಮ ಲಿಫ್ಟು. ನಮ್ಮ ಅಪಾರ್ಟ್‌ಮೆಂಟಿನ ಸೊಸೈಟಿ ಸೆಕ್ರೆಟರಿನ್ನ ಎಲ್ಲಾರೂ ಕಾಕಾ ಅಂತಾರ. ನಮ್ಮ ಕಡೆ ಚಿಗವ್ವನ ಗಂಡಗ ಅಂದಂಗ ನಾವೂ ಅಂತೀವಿ. ರಿಟೈರ್ ಆಗ್ಯಾರ, ಬೇಸರ ಬಂದೈತಿ, ಹಿಂಗಾಗಿ ಸೊಸೈಟಿಗೆ ದಿನಕ್ಕೊಂದು ಹೊಸಾ ಸುರಕ್ಷತೆ. ಲಿಫ್ಟಿನ್ಯಾಗ ಕ್ಯಾಮರಾ ಕೂಡ್ರಿಸಿದ್ರು. ಕೆಳಗ "ತಮಾರೀ ಸುರಕ್ಷಾ ಮಾಟೆ" ಅಂತ ಬೋರ್ಡು. ನಮ್ಮ ಸುರಕ್ಷತೆಗಂತ. ಅದರಾಗ ಮೈಕೂ ಐತಿ, ಧ್ವನಿ ಸೈತ ಹಿಡಿತೈತಿ ಅನ್ನೋದನ್ನ ಬೋರ್ಡಿನ್ಯಾಗ ಬರದಿರಲಿಲ್ಲ.

ಒಂದಿನ ಮಧ್ಯಾಹ್ನ, ಕುದಿಯೋ ಬಿಸಲಾಗ, ಅವ್ವ ನಾನು ಮಾರ್ಕೆಟ್ಟಿನಿಂದ ಬಂದ್ವಿ. ಕೈಯಾಗ ಕಲ್ಲಂಗಡಿ. ಲಿಫ್ಟು ನಡುವ ನಿಂತ ಬಿಡ್ತು. ಮುಂಜಾನಿಂದ ಅದಕ್ಕ ಅದ ಚಾಳಿ. ಒಳಗ ಫ್ಯಾನೂ ಇಲ್ಲ. ಅವ್ವ ಸೆರಗಿನಿಂದ ಗಾಳಿ ಹಾಕ್ಕೊಂತ ಅಂದ್ಲು:

"ಬೆಂಕಿ ಬೀಳ್ಲಿ ಈ ಲಿಫ್ಟಿಗೆ! ಮುಂಜಾನಿಂದ ತಲಿ ತಿನ್ನಾಕತ್ತೈತಿ. ಆ ಕಾಕಾನ್ನ ಹಿಡದು ಇದರಾಗ ಹಾಕಿ ಬಾಗಲಾ ಮುಚ್ಚಬೇಕು, ಆವಾಗ ಗೊತ್ತಾಗ್ತೈತಿ!"

ನಾ ನಕ್ಕೆ. ಕಲ್ಲಂಗಡಿ ಕೈ ಜಾರಿ ಬಿತ್ತು. ಲಿಫ್ಟು ಚಾಲೂ ಆತು. ಕಥಿ ಅಲ್ಲಿಗೆ ಮುಗೀಬೇಕಿತ್ತು.

ಆದ್ರ ಕಾಕಾಗ ಬಾಳ ದಿನದ ಒಂದು ಕುತೂಹಲ. ಈ ಮಂದಿ ನಮ್ಮ ಮುಂದ ನಿಂತು ಏನ ಮಾತಾಡ್ತಾರ, ಯಾಕ ನಗ್ತಾರ? ಕಲ್ಲಂಗಡಿ ಯಾರು ಒಡದ್ರು ಅಂತ ನೋಡಾಕ ರೆಕಾರ್ಡಿಂಗ್ ತಗದಾರ, ಅವ್ವನ ಮಾತು ಕೇಳ್ಯಾರ, ಫೋನಿನ್ಯಾಗಿನ ಭಾಷಾಂತರದ ಆ್ಯಪಿಗೆ ಹಿಡದಾರ. ಸಂಜಿಗೆ ಸೊಸೈಟಿ ಗ್ರೂಪಿನ್ಯಾಗ ಅದರ ಫೋಟೋ ಬಂತು. ಅವ್ವನ ಮಾತು ಗುಜರಾತಿಗೆ ಹೋಗಿ ಹಿಂಗಾಗಿತ್ತು: "ಈ ಲಿಫ್ಟಿಗೆ ಬೆಂಕಿ ಹಚ್ಚಲಾಗುವುದು. ಮುಂಜಾನೆಯಿಂದ ತಲೆ ತಿನ್ನುವ ಕೆಲಸ ನಡೆದಿದೆ. ಕಾಕಾರನ್ನು ಬಂಧಿಸಿ ಒಳಗೆ ಹಾಕಲಾಗುವುದು. ನಂತರ ಎಲ್ಲರಿಗೂ ತಿಳಿಯುತ್ತದೆ."

ಓದಿದ್ರ ನಂಗ ಅವ್ವನ ಹೆದರಿಕಿ ಬಂತು.

ಗ್ರೂಪು ಹೊತ್ತಿ ಉರೀತು. ಸಣ್ಣ ಮಕ್ಕಳು ಅದರಾಗ ಓಡಾಡ್ತಾರ ಅಂತ ಒಬ್ರು. ಪೊಲೀಸರಿಗೆ ತಿಳಸ್ರಿ ಅಂತ ಒಬ್ರು. ಕಾಕಾ ಬರದ್ರು: ರವಿವಾರ ಮೀಟಿಂಗಿನ್ಯಾಗ ಬೆನ್ (ಇಲ್ಲಿ ಅಕ್ಕಗ ಹಂಗಂತಾರ, ಅಂದ್ರ ನಮ್ಮವ್ವ) ಎಲ್ಲಾರ ಮುಂದ ಮಾಫಿ ಕೇಳಬೇಕು, ಇಲ್ಲಾಂದ್ರ ಮನಿ ಮಾಲಕಗ ಹೇಳಿ ಖಾಲಿ ಮಾಡಸ್ತೀವಿ. ನಾವು ಬಾಡಗಿ ಮನ್ಯಾಗ ಇರಾವ್ರು. ಮಾಲಕ ಸೂರತ್‌ನ್ಯಾಗ ಇರ್ತಾನ. ಅರ್ಧಾ ತಾಸಿನ್ಯಾಗ ಅವನ ಫೋನ್ ಬಂತು, ಅಪ್ಪಗ.

ಅಪ್ಪ ಅಂದ್ರ ಸರಕಾರಿ ಮನಶಾ. ಎಲ್ಲಿ ಹಾಕಿದ್ರ ಅಲ್ಲಿ ಹೋದಾಂವ. "ಜೀ, ಜೀ, ಸಮಝಾತಾ ಹೂಂ" ಅಂದು ಫೋನ್ ಇಟ್ಟ.

"ಒಂದ ಸಲ ಸಾರಿ ಅಂದಬಿಡು. ಸಾರಿಗೆ ಏನ ರೊಕ್ಕಾ ಹತ್ತತೈತಿ?"

"ಯಾಕ ಅನ್ಲಿ?" ಅವ್ವ ಲಟ್ಟಣಗಿ ಕೆಳಗ ಇಡಲಿಲ್ಲ. "ನಾ ಒಲಿಗೆ ಅಂತೀನಿ, ಬಿಸಲಿಗೆ ಅಂತೀನಿ, ಕರೆಂಟಿಗೆ ಅಂತೀನಿ. ಇಷ್ಟು ವರ್ಷ ನಿಮಗ ಅಂದೇನಿ. ಎಲ್ಲೆರೆ ಸುಟ್ಟೈತೇನು?"

"ಅವ್ರಿಗೆ ಗೊತ್ತಿಲ್ಲಲ್ಲ."

"ಗೊತ್ತಿಲ್ಲಾಂದ್ರ ಕೇಳಬೇಕು. ಬಾಗಲಾ ಬಡದು, ಬೆನ್, ಏನ ಅಂದ್ರಿ ಅಂತ. ಫೋನಿಗೆ ಕೇಳ್ತಾರೇನು ನನ್ನ ಮಾತಿನ ಅರ್ಥ?"

ಇದಕ್ಕಿಂತ ಚಲೋ ಮಾತು ಟೆಕ್ನಾಲಜಿ ಬಗ್ಗೆ ನಾ ಯಾವ ವಿಡಿಯೋದಾಗೂ ಕೇಳಿಲ್ಲ. ಅಲ್ಲಿಗೆ ಬಿಟ್ಟಿದ್ರ ಪಾಡಿತ್ತು. ಆದ್ರ ನಾ ಮಗಾ ಅಲ್ಲೇನು? ಅವ್ವನ ಪರವಾಗಿ ಗ್ರೂಪಿನ್ಯಾಗ ಉತ್ತರಾ ಬರ್ಯಾಕ ಕೂತೆ. ನಂಗ ಗುಜರಾತಿ ಮಾತಾಡಾಕ ರಿಕ್ಷಾದಾಂವನ ಮಟ್ಟಿಗೆ ಬರ್ತೈತಿ, ಬರ್ಯಾಕ ಬರಾಂಗಿಲ್ಲ. ಹಿಂಗಾಗಿ ಕನ್ನಡದಾಗ ಬರದು, ಅದ ಹಾಳ ಆ್ಯಪಿಗೆ ಕೊಟ್ಟೆ. ಹೌದು, ಅದಕ್ಕ. ನಾ ಹೇಳಿದ್ನಲ್ಲ, ಬದನೀಕಾಯಿ ಅಂತ.

ನಾ ಬರದದ್ದು: "ನಮ್ಮವ್ವನ ಬಾಯಿ ಅಷ್ಟ ಜೋರು, ಹೊಟ್ಟ್ಯಾಗ ಏನೂ ಇಲ್ಲ. ಮಾಫಿ ಕೇಳಾಂಗಿಲ್ಲ. ಏನ ಹರಕೋತೀರಿ ಹರಕೋರಿ."

ಕಳಿಸಿ ಎದಿ ಉಬ್ಬಿಸಿ ಕೂತೆ. ಸ್ವಲ್ಪ ಹೊತ್ತಿಗೆ ಬಾಗಲಾ ಬಡದ್ರು. ಎದುರ ಮನಿ ಮಾಸಿ, ನಮ್ಮಲ್ಲಿ ಮಾವಶಿ ಅಂದಂಗ, ಕೈಯಾಗ ಸ್ಟೀಲಿನ ಡಬ್ಬಿ ತುಂಬ ಥೇಪ್ಲಾ, ಮೆಂತೇದ ಚಪಾತಿ. ಕಣ್ಣಾಗ ನೀರು. "ಬೆನ್, ನಮಗ ಗೊತ್ತ ಇರಲಿಲ್ಲ. ಮೊದಲ ತಿನ್ರಿ. ಹಸದ ಹೊಟ್ಟೀಲೆ ಮನಶ್ಯಾ ಏನರೆ ಅಂತಾನ."

ಆ್ಯಪು, ಅವ್ವನ ಹೊಟ್ಟ್ಯಾಗ ಅನ್ನ ಇಲ್ಲ ಅಂತ ತಿಳಕೊಂಡಿತ್ತು. ಅವ್ವ ನನ್ನ ನೋಡಿದ ನೋಟಕ್ಕ ಯಾವ ಆ್ಯಪಿನ್ಯಾಗೂ ಭಾಷಾಂತರ ಇಲ್ಲ. ಥೇಪ್ಲಾ ಮಾತ್ರ ಇಸಗೊಂಡ್ಲು. ಬಿಸಿ ಇದ್ವು.

ಅಷ್ಟರಾಗ ಕಾಕಾನ ಉತ್ತರಾನೂ ಬಂದಿತ್ತು, ಬಾಳ ಗಂಭೀರ: "ಸೊಸೈಟಿ ಗಾರ್ಡನ್ನಿನ್ಯಾಗ ಹೂವು ಹರಕೊಳ್ಳೋದು ಪೂರ್ತಿ ನಿಷೇಧ ಐತಿ. ಯಾರಿಗೂ ವಿನಾಯಿತಿ ಇಲ್ಲ."

ನನ್ನ ಬಂಡಾಯದ ಗತಿ ಇದು. ಆದ್ರೂ ನಂಗ ಸಿಟ್ಟು ಇಳೀಲಿಲ್ಲ. ದಿನಾ ಸಂಜಿಗೆ ಅಪ್ಪ ಟಿವಿ ಹಚ್ಚಿದ್ರ ನ್ಯೂಸಿನ್ಯಾಗ ಎಂಟ ಮಂದಿ ಒಂದ ಸಲ ಒದರ್ತಿರ್ತಾರ. ದೇಶಾ ಹೊತ್ತಿಸ್ತೀನಿ, ಇವರನ್ನ ಓಡಸ್ತೀನಿ, ಅವರನ್ನ ಮುಗಸ್ತೀನಿ. ಅದಕ್ಕ ಚರ್ಚಾ ಅಂತಾರ, ನಡುನಡುವ ಹಪ್ಪಳದ ಜಾಹೀರಾತು ಹಾಕ್ತಾರ. ನಮ್ಮವ್ವ ಒಬ್ಬಾಕಿ ಕೆಟ್ಟ ಲಿಫ್ಟಿನ್ಯಾಗ ಸೆಖಿಗೆ ಬ್ಯಾಸತ್ತು ಒಂದ ಮಾತು ಅಂದ್ರ ಧಮಕಿ! ತಪ್ಪು ಇಲ್ಲಾಂದ್ರ ಹೆದರಿಕಿ ಯಾಕ ಅಂತ ಕೇಳ್ತಾರ ಈ ಕ್ಯಾಮರಾ ಹಾಕಾವ್ರು. ತಪ್ಪು ಇರಲಿಲ್ಲ ನಮ್ಮದು. ಆದ್ರ ನಮ್ಮ ಮಾತಿಗೆ ಅರ್ಥಾ ಹಚ್ಚೋ ಕೆಲಸ ಅವರ ಕೈಯಾಗ ಇತ್ತು. ಹೆದರಿಕಿ ಅದಕ್ಕ.

ರವಿವಾರ ಮುಂಜಾನಿ ಕೆಳಗ ಪಾರ್ಕಿಂಗಿನ್ಯಾಗ ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀಟಿಂಗು. ಕಾಕಾ ಮೈಕ್ ಹಿಡದು ಅವ್ವನ ಮಾತಿನ ಗುಜರಾತಿ ಓದಿದ್ರು. "ಬಂಧಿಸಿ ಒಳಗೆ ಹಾಕಲಾಗುವುದು" ಅನ್ನೋ ಮುಂದ ಅವರ ಧ್ವನಿ ಸ್ವಲ್ಪ ನಡಗಿತು. ಮನಶಾ ಖರೇನ ಹೆದರಿದ್ದ.

ನಾ ಎದ್ದು ನಿಂತೆ. ಖಾಸಗಿ ಮಾತಿಗೆ ಗುಜರಾತಿನ್ಯಾಗ "ಖಾನಗೀ" ಅಂತಾರಂತ ಹಿಂದಿನ ದಿನ ಕೇಳಿಕೊಂಡು ಬಾಯಿಪಾಠ ಮಾಡಿದ್ದೆ. ಎಲ್ಲಾರ ಮಾರಿ ನೋಡಿದ ಕೂಡ್ಲೆ ಆ ಶಬ್ದ ಹಾರಿ, ಬಾಯಾಗ "ಖಾವಾನುಂ" ಬಂತು. ಅಂದ್ರ ತಿನ್ನೋದು. ಮುಷ್ಟಿ ಬಿಗದು ಒದರಿದೆ: "ನಮ್ಮ ತಿನ್ನೋದನ್ನ ನೀವು ಕದ್ದೀರಿ! ತಿನ್ನೋದು ನಮ್ಮ ಹಕ್ಕು! ಲಿಫ್ಟಿನ್ಯಾಗ ನಮ್ಮ ತಿನ್ನೋದು ನಮಗ ವಾಪಸ್ ಬೇಕು!"

ಹಿಂದಿಂದ ಯಾರೋ ಸಮಾಧಾನ ಮಾಡಿದ್ರು: "ಬೇಸೋ ಭಾಯಿ, ಕೂಡ್ರಿ, ನಾಷ್ಟಾ ಮೀಟಿಂಗ್ ಆದ ಮ್ಯಾಲ ಐತಿ." ಮಾಸಿ ನನ್ನ ಕಡೆ ನೋಡಿ ಅಯ್ಯೋ ಪಾಪ ಅನ್ನೋ ಹಂಗ ತಲಿ ಅಲ್ಲಾಡಿಸಿದ್ರು.

"ಕೂಡ್ರ ಲೇ," ಅಂತ ಅವ್ವ ನನ್ನ ಅಂಗಿ ಜಗ್ಗಿ ಕೂಡ್ರಿಸಿ ತಾನ ಎದ್ಲು. ಅಕಿ ಹಿಂದಿ ನಮ್ಮ ಲಿಫ್ಟಿನಂಗ, ನಡುನಡುವ ನಿಂತು ಹೋಗತೈತಿ.

"ಮೈ ಬೋಲಿ. ಬೋಲಿ ತೋ ಬೋಲಿ. ಮಾಫಿ ನಹೀಂ. ಹಮಾರೆ ಉಧರ್ ಐಸಾಚ್ ಬೋಲತೇ." ಆಮ್ಯಾಲ ನನ್ನ ತಲಿ ಮ್ಯಾಲ ಕೈ ಇಟ್ಟು, "ಇಸಕೋ ರೋಜ್ ಬೋಲತೀ, ತುಝಕೋ ಆಗ್ ಲಗೇ. ದೇಖೋ, ಕುಛ್ ಹುವಾ?"

ಎಲ್ಲಾರೂ ನನ್ನ ನೋಡಿದ್ರು. ನಾ ಸುಟ್ಟಿಲ್ಲ ಅಂತ ತೋರಸಾಕ ಎರಡೂ ಕೈ ಎತ್ತಿದೆ.

"ಅದು ನಿಮ್ಮ ಕಡೆ," ಅಂದ್ರು ಕಾಕಾ. "ಇಲ್ಲಿ ನಮ್ಮ ಕಡೆ ಯಾರೂ ಹಂಗ ಬೆಂಕಿ ಮಾತು ಆಡಾಂಗಿಲ್ಲ."

ಆವಾಗ ಮಾಸಿ ಫೋನು ಜೋರಾಗಿ ಹಾಡಾಕ ಹತ್ತಿತು. ಪರ್ಸಿನ್ಯಾಗ ಹುಡುಕಿದ್ರ ಸಿಗಲಿಲ್ಲ. ಸಿಕ್ರ ಬಂದ್ ಆಗಲಿಲ್ಲ. ಮಾಸಿ ಫೋನಿಗೊಂದು ಬಡದು ಅಂದ್ರು, "ಬಳ್ಯೂಂ ಆ ಫೋನ್!"

ನಾ ಕುರ್ಚಿಯಿಂದ ಜಿಗದೆ. "ಮಾಸಿ, ಏನಂದ್ರಿ?"

"ಏನ ಅಂದೆ? ಏನಿಲ್ಲ. ಬಳ್ಯೂಂ ಅಂದೆ."

"ಬಳ್ಯೂಂ ಅಂದ್ರ ಸುಟ್ಟಹೋತು ಅಂತಲ್ಲ?"

ಮಾಸಿ ಫೋನು ತೊಡಿ ಮ್ಯಾಲ ಇಟ್ರು. ಆಜೂಬಾಜೂ ಕೂತ ಹೆಣ್ಣಮಕ್ಕಳು ಒಬ್ಬರ ಮಾರಿ ಒಬ್ರು ನೋಡಿದ್ರು. ಹಾಲು ಉಕ್ಕಿದ್ರ ಬಳ್ಯೂಂ, ಬಸ್ಸು ತಪ್ಪಿದ್ರ ಬಳ್ಯೂಂ, ಸೀರಿಯಲ್ಲು ನಡುವ ಕಟ್ಟಾದ್ರ ಬಳ್ಯೂಂ. ಇಡೀ ಸೊಸೈಟಿ ದಿನಾ ಬಾಯಿಲೆ ಎಲ್ಲಾನೂ ಸುಟ್ಟು ಬೂದಿ ಮಾಡ್ತಿತ್ತು, ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ.

ಮೊದಲು ನಕ್ಕಾಕಿ ಅವ್ವ. ಮಾಸಿ ನಗಲಿಲ್ಲ. ಸೀರಿ ಸರಿ ಮಾಡ್ಕೊಂಡು ಎದ್ದು ಕಾಕಾನ ಕಡೆ ತಿರಗಿದ್ರು. "ನಾ ದಿನಪೂರ್ತಿ ಅಂತೀನಿ. ನಿಮ್ಮ ಮನಿಯಾಕಿನೂ ಅಂತಾಳ, ನಾ ಕೇಳೇನಿ. ಲಿಫ್ಟಿನ್ಯಾಗೂ ಅಂದೀವಿ. ನಮ್ಮ ಮಾತೂ ಹಿಡದು ಇಟ್ಟೀರೇನು? ಯಾರನ್ನ ಕೇಳಿ?"

ಈಗ ಗದ್ದಲಾ ಆ ಕಡೆ ಹೊಳ್ಳಿತು. ಲಿಫ್ಟಿನ್ಯಾಗ ಅತ್ತಿ ಬಗ್ಗೆ ಮಾತಾಡಿದ ಸೊಸಿ, ಸೊಸಿ ಬಗ್ಗೆ ಮಾತಾಡಿದ ಅತ್ತಿ, ಫೋನಿನ್ಯಾಗ ಬಾಸ್‌ಗ ಜ್ವರಾ ಅಂತ ಸುಳ್ಳ ಹೇಳಿದಾಂವ, ಎಲ್ಲಾರಿಗೂ ಒಮ್ಮೆಲೇ ಮೈಕಿನ ನೆನಪು ಬಂತು. ಎಲ್ಲಾರೂ ಎದ್ದು ನಿಂತ್ರು. ಮೈಕ್ ಬಂದ್ ಮಾಡ್ತೀವಿ ಅಂತ ಕಾಕಾ ಒಪ್ಪಿದ್ರು. ಕ್ಯಾಮರಾ ಇರ್ತೈತಿ, ಧ್ವನಿ ಇರಾಂಗಿಲ್ಲ. ಆದ್ರೂ ಮನಶಾನ ಮಾರಿ ಸಣ್ಣದಾಗಿತ್ತು.

"ಬೆಂಕಿ ಮಾತು ಬಿಡ್ರಿ ಬೆನ್," ಅಂದ್ರು. "ನನ್ನ ಹಿಡದು ಒಳಗ ಹಾಕ್ತೀನಿ ಅಂದ್ರಲ್ಲ, ಅದಕ್ಕರೆ ಸಾರಿ ಅನ್ರಿ."

ಅಪ್ಪ ಅವ್ವನ ಕಡೆ ಆಸೇಲೆ ನೋಡಿದ. ಅವ್ವ ಒಂದು ಗಳಿಗಿ ವಿಚಾರ ಮಾಡಿದ್ಲು.

"ಅದು ಖರೇನ ಅಂದೇನಿ," ಅಂದ್ಲು. "ಅದರ ಅರ್ಥ ಅಷ್ಟ. ಲಿಫ್ಟ್ ಕೆಟ್ಟಾಗ ಸೆಕ್ರೆಟರಿ ಒಳಗ ಇರಬೇಕು. ಆವಾಗ ಲಗೂ ರಿಪೇರಿ ಆಗತೈತಿ. ಹೇಳ ಲೇ ಅವರಿಗೆ, ನಿನ್ನ ಗುಜರಾತಿ ಬ್ಯಾಡ, ಹಿಂದ್ಯಾಗ ಹೇಳು."

ನಾ ಹಿಂದ್ಯಾಗ ಹೇಳಿದೆ. ಒಂದ ಶಬ್ದಾನೂ ತಪ್ಪಲಿಲ್ಲ. ಚಪ್ಪಾಳೆ ಬಿದ್ವು. ಕಾಕಾ ಸಿಟ್ಟಾಗಿ ನಾಷ್ಟಾ ತಿನ್ನಲಾರದ ಮ್ಯಾಲ ಹೋದ್ರು, ಅದೂ ಮೆಟ್ಟಲಾ ಹತ್ತಿ.

ಮನಿಗೆ ಬಂದು ಇನ್ನೂ ಕುಂತಿರಲಿಲ್ಲ, ಸೂರತ್‌ನಿಂದ ಮಾಲಕನ ಫೋನು. ಕಾಕಾ ಮೊದಲ ಮಾಡಿ ಹೇಳಿದ್ರು ಅಂತ ಕಾಣ್ತೈತಿ. ಅಪ್ಪ ಸ್ಪೀಕರ್ ಹಾಕಿದ. ಮಾಲಕ ಅಂದ, ಮೀಟಿಂಗಿನ್ಯಾಗ ಏನಾತು ಅದು ಬಿಡ್ರಿ, ನನಗ ಕಿರಿಕಿರಿ ಬ್ಯಾಡ. ನೀವು ಮನ್ಯಾಗ ಇರಬೇಕಂದ್ರ ನಿಮ್ಮ ಹೆಂಡತಿಗೆ ಹೇಳ್ರಿ, ಹೊರಗ ಸ್ವಲ್ಪ ಬಾಯಿ ಮುಚ್ಚಿಕೊಂಡು ಇರ್ಲಿ.

ಅಪ್ಪ "ಜೀ" ಅಂದ. ಇನ್ನೊಂದು ಸಲ "ಜೀ" ಅಂದ. ಅವ್ವ ಅಡಗಿ ಮನಿ ಬಾಗಲದಾಗ ನಿಂತಿದ್ಲು. ಅಕಿ ಏನೂ ಅನ್ನಲಾರದ ನಿಂತದ್ದನ್ನ ನಾ ಅವತ್ತ ಮೊದಲನೇ ಸಲ ನೋಡಿದೆ.

"ಜೀ ನಹೀಂ," ಅಂದ ಅಪ್ಪ. "ಹಂಗ ನಾ ಹೇಳಾಂಗಿಲ್ಲ ಸಾಬ್. ಮನಿ ನಿಮ್ಮದು. ಬಾಯಿ ಅಕೀದು."

ಮಾಲಕ ಆ ಕಡೆ ಏನೋ ಗೊಣಗಿದ. ಆಮ್ಯಾಲ, ಠೀಕ್ ಐತಿ, ಇರ್ರಿ, ಆದ್ರ ಇನ್ನೊಂದು ಸಲ ನನಗ ಯಾರ ಫೋನೂ ಬರಬಾರದು ಅಂದು ಇಟ್ಟ.

ಅಪ್ಪ ಫೋನು ಟೇಬಲ್ ಮ್ಯಾಲ ಇಟ್ಟ.

"ಖಾಲಿ ಮಾಡ್ರಿ ಅಂದಿದ್ರ ಏನ ಮಾಡ್ತಿದ್ರಿ?" ಅಂತ ಕೇಳಿದ್ಲು ಅವ್ವ.

"ಮಾಡ್ತಿದ್ವಿ," ಅಂದ ಅಪ್ಪ. "ಚಾ ಇಡು."

"ತಾಸಿಗೊಂದು ಚಾ, ಬೆಂಕಿ ಬೀಳ್ಲಿ ನಿಮ್ಮ ಚಾಕ್ಕ," ಅಂತ ಅವ್ವ, ತಗದಿದ್ದ ಬಾಗಲದಾಗಿಂದ ಎದುರ ಮನಿಗೂ ಕೇಳೋ ಹಂಗ ಅಂದು ಒಳಗ ಹೋದ್ಲು.