ವೈರ್‌ಲೆಸ್ ಅಜ್ಜ ಮತ್ತು ಗುಡ್ಡದ ಮೇಲಿನ ಜೀಪು

ಅವರ ಎಡಗಿವಿ ಬಲಗಿವಿಗಿಂತ ಚಪ್ಪಟೆ. ಲಟ್ಟಿಸಿದ ಹಪ್ಪಳದ ಹಾಗೆ ತಲೆಗೆ ಅಂಟಿಕೊಂಡಿತ್ತು. ಜಲಾಶಯದ ವೈರ್‌ಲೆಸ್ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಒತ್ತಿಕೊಂಡೇ ನೌಕರಿ ಮುಗಿಸಿದವರು ಅವರು. ಬಲಗಿವಿಯ ಬಟ್ಟಲನ್ನು ಮಾತ್ರ ಹಿಂದಕ್ಕೆ ಸರಿಸಿ ಇಟ್ಟುಕೊಳ್ಳುತ್ತಿದ್ದರಂತೆ, ಕೋಣೆಯಲ್ಲಿ ಯಾರಾದರೂ ಕರೆದರೆ ಕೇಳಬೇಕಲ್ಲ ಎಂದು. “ಈ ಕಿವಿ ಸರ್ಕಾರದ್ದು, ಈ ಕಿವಿ ಮಂದೀದು” ಎಂದು ಎರಡನ್ನೂ ಮುಟ್ಟಿ ತೋರಿಸುತ್ತಿದ್ದರು. ನೌಕರಿಯಿಂದ ನಿವೃತ್ತರಾಗಿ ಹೊಸಪೇಟೆಯಲ್ಲೇ ಉಳಿದರು. ನಮಗೆಲ್ಲ ಅವರು ವೈರ್‌ಲೆಸ್ ಅಜ್ಜ.

ನಾನು ಏಳನೇ ಕ್ಲಾಸಿಗೆ ಸಾಲಿ ಬಿಟ್ಟವನು. ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಕಾಲುವೆ ನೀರಿಗೆ ಭತ್ತ, ಕಬ್ಬು, ಬಾಳೆ ಎದ್ದು ಊರಿನ ತುಂಬ ಟ್ರ್ಯಾಕ್ಟರು, ಲಾರಿ ಓಡಾಡತೊಡಗಿದ ಕಾಲದಲ್ಲಿ ಅವುಗಳ ಡೈನಮೋ ಬಿಚ್ಚಿ ಕಟ್ಟುವ ಕೆಲಸ ಕಲಿತೆ. ಅಂಗಡಿ ಇಟ್ಟೆ. ಹಳೇ ಜೀಪೊಂದನ್ನು ತಂದು, ತಳದಿಂದ ನೆತ್ತಿಯವರೆಗೆ ನಾನೇ ಕಟ್ಟಿದೆ. ನನ್ನ ಕೆಲಸಕ್ಕೆ ಯಾರಾದರೂ ಹೆಸರಿಟ್ಟರೆ ಆಗ ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಅಜ್ಜ ಮೊದಲ ಸಲ ಅಂಗಡಿಗೆ ಬಂದದ್ದೇ ಹೆಸರಿಡಲಿಕ್ಕೆ.

“ನಿಮ್ಮ ಚಾರ್ಜರ್ ನನ್ನ ಕಿವ್ಯಾಗ ಕುಂತು ಅಳಾಕತ್ತೈತ್ರಿ” ಎಂದರು, ಸೈಕಲ್ಲನ್ನು ಕಂಬಕ್ಕೆ ಒರಗಿಸುತ್ತ.

“ಕಿವಿ ರಿಪೇರಿ ಇಲ್ಲಿ ಮಾಡಂಗಿಲ್ರಿ” ಎಂದೆ.

ಅವರು ಸಿಟ್ಟಾಗಲಿಲ್ಲ. “ಹಂಗಾರ ಬಂದು ಒಂದು ಸಲ ಕೇಳಿ ನೋಡ್ರಿ” ಎಂದರು. ನಾನೂ ಹಟಕ್ಕೆ ಅಂಗಡಿ ಬಿಟ್ಟು ಅವರ ಹಿಂದೆಯೇ ಹೋದೆ. ಮನೆಯಲ್ಲಿ ಒಂದು ಮೇಜು, ಅದರ ಮೇಲೆ ಅವರೇ ಕಟ್ಟಿದ ರೇಡಿಯೋ. ನನ್ನ ತಲೆಗೆ ಹೆಡ್‌ಫೋನ್ ಇಟ್ಟರು. ನನ್ನ ಬ್ಯಾಟರಿ ಚಾರ್ಜರ್ ನಿಜವಾಗಿಯೂ ಗುಂಯ್ ಎಂದು ಅಳುತ್ತಿತ್ತು. ಆ ಅಳುವಿನ ಹಿಂದೆ, ಬಾವಿಯ ತಳದಿಂದ ಬಂದ ಹಾಗೆ, ಒಬ್ಬ ಮನುಷ್ಯ ತನ್ನ ಊರಿನ ಮಳೆಯ ಸುದ್ದಿ ಹೇಳುತ್ತಿದ್ದ. ಯಾವ ಊರು ಎಂದು ಕೇಳಿದೆ. “ಅದನ್ನ ನಿಮ್ಮ ಚಾರ್ಜರ್ ಕೇಳಗೊಡವಲ್ದು” ಎಂದರು.

ಹಿಂದಿರುಗಿ ಚಾರ್ಜರ್ ಬಿಚ್ಚಿ ಕೆಪಾಸಿಟರ್ ಹಾಕಿದೆ. ಅದು ಸುಮ್ಮನಾದ ಮೇಲೂ ನಾನು ಆ ಮನೆಗೆ ಹೋಗುವುದು ನಿಲ್ಲಲಿಲ್ಲ.

ಲೈಸೆನ್ಸ್ ಪಡೆದವರು ಮನೆಯಿಂದಲೇ ಒಬ್ಬರಿಗೊಬ್ಬರು ರೇಡಿಯೋದಲ್ಲಿ, ಗಾಳಿಯ ಮೇಲೆ ಮಾತಾಡುವ ಹವ್ಯಾಸ ಅಜ್ಜನದು. ಲೈಸೆನ್ಸಿಗೆ ಪರೀಕ್ಷೆ, ಪರೀಕ್ಷೆಗೆ ಅಕ್ಷರಗಳನ್ನು ಗಿಡ್ಡ, ಉದ್ದ ಸದ್ದುಗಳಲ್ಲಿ ಹೇಳುವ ಮೋರ್ಸ್ ಸಂಕೇತ. ಅಜ್ಜ ನನಗೆ ಅದನ್ನು ಲಾರಿ ಹಾರ್ನಿನಲ್ಲಿ ಕಲಿಸಿದರು. ಅಂಗಡಿಯಲ್ಲಿ ರಿಪೇರಿಗೆ ಬಂದ ಹಾರ್ನುಗಳನ್ನೆಲ್ಲ ಗಿಡ್ಡ, ಉದ್ದ, ಗಿಡ್ಡ ಎಂದು ಒತ್ತಿಸಿ ಪರೀಕ್ಷೆ ಮಾಡುತ್ತಿದ್ದರು. ಎದುರಿನ ಚಹಾದಂಗಡಿಯವನು “ಲೇ, ಲಾರಿ ಎಲ್ಲೈತಿ, ಸರ್ಕೊಳ್ಳೋಣಂದ್ರ ಕಾಣವಲ್ದಲ್ಲೋ” ಎಂದು ಕೂಗುತ್ತಿದ್ದ. ನಾನು ಪಾಸಾದೆ.

ಆದರೆ ಅವರಿಗೆ ಪಾಸಾಗುವುದು ದೊಡ್ಡದಾಗಿರಲಿಲ್ಲ. ಮೈಕು ಹಿಡಿಯುವ ರೀತಿ ದೊಡ್ಡದು. ನಾನು ಗುಂಡಿ ಒತ್ತಿದ ಗಳಿಗೆಯಲ್ಲೇ ಬಾಯಿ ತೆರೆಯುತ್ತಿದ್ದೆ. ಸೆಟ್ಟು ಎಚ್ಚರಾಗುವಷ್ಟರಲ್ಲಿ ನನ್ನ ಮೊದಲ ಶಬ್ದ ಹೋಗಿರುತ್ತಿತ್ತು.

“ನಿನ್ನ ಮೊದಲ್ನೇ ಮಾತು ಹೊಳಿ ಪಾಲಾತು ನೋಡು. ಒತ್ತು, ಉಸಿರು ತಗೋ, ಆಮ್ಯಾಲೆ ಮಾತಾಡು.”

ಇನ್ನೊಬ್ಬರು ಮಾತು ಮುಗಿಸಿದ ಕೂಡಲೇ ನಾನು ಹಾರಿ ಬಿದ್ದರೆ ಮೈಕನ್ನೇ ಕಸಿದುಕೊಳ್ಳುತ್ತಿದ್ದರು. “ಸಂದು ಬಿಡು. ನಿನಗಿಂತ ದೂರದಾಂವ ಒಬ್ಬ ಕರಿಯಾಕತ್ತಿರ್ತಾನ. ಅವನ ದನಿ ಸಣ್ಣದಿರ್ತೈತಿ.”

ಭಾನುವಾರ ಬೆಳಿಗ್ಗೆ ಹೊಸಪೇಟೆ, ಕಮಲಾಪುರ, ಕಂಪ್ಲಿಯ ನಾವು ಕೆಲವರು ಒಟ್ಟಿಗೆ ಗಾಳಿಗೆ ಬರುತ್ತಿದ್ದೆವು. ಲೈಸೆನ್ಸಿನ ಜೊತೆ ಹೆಸರಿನ ಹಾಗೆ ಸಿಕ್ಕ ಒಬ್ಬೊಬ್ಬರ ಕರೆಸಂಕೇತ ಕೂಗಿ ಹಾಜರಿ ಹಿಡಿಯುವವರು ಅಜ್ಜ. ಕಾಲುವೆಗೆ ನೀರು ಎಷ್ಟು, ಯಾರ ಆಂಟೆನಾ ಬಿತ್ತು, ಯಾರ ಮನೆಯಲ್ಲಿ ಮದುವೆ, ಎಲ್ಲ ಅದರಲ್ಲೇ.

ತೊಂಬತ್ತರ ದಶಕದ ನಡುವೆ ಅಜ್ಜ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಸಂಡೂರು ಗುಡ್ಡಗಳ ಆಚೆ, ಬಂಡ್ರಿಯಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋದಳು. ದೊಡ್ಡ ಸೆಟ್ಟು, ಆಂಟೆನಾ ಎಲ್ಲ ಇಳಿಯಿತು. ಅವರ ಜೊತೆ ಹೋದದ್ದು ಕೈಯಲ್ಲಿ ಹಿಡಿಯುವ ಪುಟ್ಟ ಸೆಟ್ಟು ಮಾತ್ರ. ಅದರ ಶಕ್ತಿ ಗುಡ್ಡ ದಾಟುವಷ್ಟಲ್ಲ.

ನಾನು ನೋಡಲು ಹೋದಾಗ ಅಜ್ಜ ಮಂಚದ ಮೇಲೆ ಒರಗಿ, ಆ ಸೆಟ್ಟನ್ನು ಚಪ್ಪಟೆ ಕಿವಿಗೆ ಹಿಡಿದುಕೊಂಡಿದ್ದರು. ಬರುತ್ತಿದ್ದದ್ದು ಬರೀ ಸುಯ್ ಎನ್ನುವ ಸದ್ದು.

“ಮಾತು ಕಮ್ಮಿ ಮಾಡ್ಯಾರಣ್ಣ” ಎಂದಳು ಮಗಳು, ಅಡುಗೆಮನೆಯ ಬಾಗಿಲಲ್ಲಿ ನಿಂತು. “ಉಣ್ಣು ಅಂದ್ರ ಉಣ್ತಾರ, ಮಲಕ್ಕೋ ಅಂದ್ರ ಮಲಕ್ಕೊಂತಾರ. ಭಾನುವಾರ ಬಂತಂದ್ರ ಇದನ್ನ ಹಿಡ್ಕೊಂಡು ಗ್ವಾಡಿ ನೋಡ್ತಾರ. ಹಿಂಗಾದ್ರ ಭಾಳ ದಿನ ಇರಂಗಿಲ್ಲ ಅನಸ್ತೈತಿ.”

“ಗುಡ್ಡ ಅಡ್ಡ ಐತಲ್ಲೋ” ಎಂದರು ಅಜ್ಜ, ತಪ್ಪು ತಮ್ಮದೇ ಎನ್ನುವ ಹಾಗೆ.

“ಗುಡ್ಡದ ಚಿಂತಿ ನನಗ ಬಿಡ್ರಿ” ಎಂದೆ.

ನನ್ನ ಜೀಪಿನಲ್ಲಿ ಎರಡು ಬ್ಯಾಂಡಿನ ಸೆಟ್ಟೊಂದನ್ನು ಕೂರಿಸಿಕೊಂಡಿದ್ದೆ. ಒಂದು ಬ್ಯಾಂಡಿನಲ್ಲಿ ಕೇಳಿದ್ದನ್ನು ಅದೇ ಗಳಿಗೆ ಇನ್ನೊಂದು ಬ್ಯಾಂಡಿನಲ್ಲಿ ತಾನೇ ಹೊರಗೆ ಬಿಡುವ ವ್ಯವಸ್ಥೆ ಅದರಲ್ಲಿದೆ ಎಂದು ಗೊತ್ತಿತ್ತು, ಮಾಡಿ ನೋಡಿರಲಿಲ್ಲ. ಅದನ್ನು ಹೇಳಿದ ಕೂಡಲೇ ಅಜ್ಜ ಗೋಡೆ ಬಿಟ್ಟು ನನ್ನ ಕಡೆ ತಿರುಗಿದರು.

“ಕೆಳಗಿನ ಕಾಲುವಿ ನೀರು ಎತ್ತಿ ಮ್ಯಾಲಿನ ಕಾಲುವಿಗೆ ಹಾಕೋ ಪಂಪ್ ಇದ್ದಂಗ ಅದು. ನನ್ನ ಮಾತು ಎತ್ತಿ ಅವರಿಗೆ ಹಾಕ್ತೈತಿ, ಅವರದನ್ನ ಇಳಿಸಿ ನನಗ ಹಾಕ್ತೈತಿ. ಆದ್ರ ಎರಡೂ ಕಡೆ ಒಮ್ಮೆಗೇ ಹಾಕಂಗಿಲ್ಲ, ನೆನಪಿಡು. ಪವರ್ ಕಮ್ಮಿ ಇಡು, ಇಲ್ಲಾಂದ್ರ ಸೆಟ್ಟು ಸುಡ್ತೈತಿ. ಮತ್ತ ಅದನ್ನ ಒಂಟಿ ಬಿಟ್ಟು ಇಳದು ಬರಬ್ಯಾಡ. ಯಂತ್ರ ಮಾತಾಡೋ ಕಡೆ ಲೈಸೆನ್ಸ್ ಇದ್ದ ಮನುಷ್ಯ ಕುಂತಿರಬೇಕು.”

ಅವರ ಕೈಯಲ್ಲಿ ಸೆಟ್ಟು ವಾಲುತ್ತಿತ್ತು. ಮಗಳು ಅದನ್ನು ನೆಟ್ಟಗೆ ಹಿಡಿದು ಗುಂಡಿಯ ಮೇಲೆ ಬೆರಳಿಟ್ಟಳು. ಅಜ್ಜ ತಟ್ಟನೆ ಅವಳ ಕೈ ಸರಿಸಿದರು. “ಗುಂಡಿ ನಾನೇ ಒತ್ತಾಂವ. ನಿನಗ ಲೈಸೆನ್ಸ್ ಇಲ್ಲ.”

“ನಿನ್ನ ಎತ್ತಿ ಕುಂದ್ರಸಾಕ ಲೈಸೆನ್ಸ್ ಬ್ಯಾಡ, ಒಂದು ಗುಂಡಿ ಒತ್ತಾಕ ಬೇಕೇನಪ್ಪ?” ಎಂದಳು ಅವಳು. ಆದರೂ ಬೆರಳು ತೆಗೆದಳು.

ಮುಂದಿನ ಭಾನುವಾರ ಗಣಿ ಲಾರಿಗಳು ಓಡಾಡುವ ಕೆಂಪು ದಾರಿ ಹಿಡಿದು ಗುಡ್ಡದ ನೆತ್ತಿಗೆ ಜೀಪು ಏರಿಸಿದೆ. ಒಂದು ಕಡೆ ಬಂಡ್ರಿಯ ದಿಕ್ಕು, ಇನ್ನೊಂದು ಕಡೆ ದೂರಕ್ಕೆ ಜಲಾಶಯದ ಹೊಳಪು. ಬ್ಯಾಟರಿ ಇಳಿಯಬಾರದೆಂದು ಎಂಜಿನ್ ಚಾಲೂ ಇಟ್ಟು ಸೆಟ್ಟು ಹಚ್ಚಿದೆ. ನನ್ನ ಎಂಜಿನ್ನಿನ ಕಿಡಿಯ ಸದ್ದನ್ನೇ ಸೆಟ್ಟು ಅಜ್ಜನ ದನಿ ಎಂದು ತಿಳಿದು ಹಿಡಿಯಿತು, ಹಿಡಿದು ಹೊಸಪೇಟೆಗೆಲ್ಲ ಗರ್ರ್ ಎಂದು ಹಂಚಿತು. ಎಂಜಿನ್ ಆಫ್ ಮಾಡಿ ಕೇಳಿದರೆ ಕಮಲಾಪುರದ ಬಾಳೆ ತೋಟದವರು ನಗುತ್ತಿದ್ದರು.

“ಏನಲೇ, ನಿನ್ನ ಜೀಪಿಗೂ ಲೈಸೆನ್ಸ್ ಕೊಡಿಸೀಯೇನು? ನಿನಗಿಂತ ಸ್ಪಷ್ಟ ಮಾತಾಡ್ತೈತಲ್ಲ!”

ಡೈನಮೋ ಕೆಲಸದಿಂದ ಹೊಟ್ಟೆ ಹೊರೆಯುವವನ ಜೀಪು! ಆ ವಾರ ನನಗೆ ಊಟ ರುಚಿಸಲಿಲ್ಲ. ಸೆಟ್ಟಿಗೆ ಬೇರೆಯದೇ ಲಾರಿ ಬ್ಯಾಟರಿ ಕಟ್ಟಿದೆ, ಇನ್ನು ಎಂಜಿನ್ ಹಚ್ಚುವ ಮಾತೇ ಇಲ್ಲ. ಮಾತಿನ ಅಡಿಯಲ್ಲಿ ಸಣ್ಣ ಶ್ರುತಿಯೊಂದನ್ನು ಸೇರಿಸಿ ಕಳಿಸುವಂತೆ ಅಜ್ಜನ ಸೆಟ್ಟನ್ನು ಹೊಂದಿಸಿ ಬಂದೆ. ಆ ಶ್ರುತಿಯಿದ್ದರೆ ಮಾತ್ರ ನನ್ನ ಸೆಟ್ಟು ಬಾಗಿಲು ತೆರೆಯಬೇಕು, ಬೇರೆ ಯಾವ ಸದ್ದಿಗೂ ಇಲ್ಲ. ನನ್ನ ಹೆಂಡತಿ ಬುತ್ತಿ ಕಟ್ಟಿಕೊಡುತ್ತ, “ಭಾನುವಾರ ಗುಡ್ಡ ಹತ್ತೋ ಗಂಡಸರು ಒಂದು ಕಾಯಿನಾದ್ರೂ ಒಡಿಸ್ಕೊಂಡು ಬರ್ತಾರ” ಎಂದಳು.

ಎರಡನೇ ಭಾನುವಾರ ಸೆಟ್ಟು ಸುಮ್ಮನೆ, ಚೊಕ್ಕವಾಗಿ ಕೂತಿತ್ತು. ಹೊಸಪೇಟೆ ಕಡೆಯ ಮಾತು ಹಿಡಿದು ಬಂಡ್ರಿಗೆ ಇಳಿಸುತ್ತಿತ್ತು. ಆದರೆ ಬಂಡ್ರಿಯಿಂದ ಏನೂ ಏರುತ್ತಿಲ್ಲ. ಅಜ್ಜ ಬಂಡ್ರಿಗೆ ಹೋದ ಮೇಲೆ ಹಾಜರಿ ಹಿಡಿಯುತ್ತಿದ್ದ ಕಂಪ್ಲಿಯ ಅಕ್ಕಿ ಗಿರಣಿಯವರು ಮಾತಿನ ಮೇಲೆ ಮಾತು ಸುರಿಯುತ್ತಿದ್ದರು. ಅವರು ಗುಂಡಿ ಬಿಟ್ಟರೆ ಕಮಲಾಪುರದವರು ಒತ್ತುತ್ತಿದ್ದರು. ಅವರು ಬಿಟ್ಟರೆ ಮತ್ತೆ ಗಿರಣಿಯವರು. ಆಂಟೆನಾ ನೋಡಿದೆ, ತಂತಿ ಎಳೆದೆ, ದಿಕ್ಕು ಬದಲಿಸಿದೆ. ಜೀಪನ್ನೇ ನಾಲ್ಕು ಮಾರು ಮುಂದೆ ತಳ್ಳಿದೆ.

ಆಗ ಇಬ್ಬರ ಮಾತಿನ ನಡುವಿನ ಎಳೆಯಷ್ಟು ಬಿರುಕಿನಲ್ಲಿ ಒಂದು ಚೂರು ದನಿ ಕೇಳಿತು. ಶಬ್ದವಲ್ಲ, ಶಬ್ದದ ಬಾಲ. ಅಜ್ಜನದು!

“ಎರಡೂ ಕಡೆ ಒಮ್ಮೆಗೇ ಹಾಕಂಗಿಲ್ಲ” ಎಂದಿದ್ದರಲ್ಲ! ಅಜ್ಜ ಕೂಗುತ್ತಲೇ ಇದ್ದರು. ಈ ಕಡೆಯವರು ಮಾತು ಬಿಡದಿದ್ದರೆ ನನ್ನ ಸೆಟ್ಟು ಅದನ್ನು ಕೆಳಗೆ ಇಳಿಸುವುದರಲ್ಲೇ ಮುಳುಗಿರುತ್ತಿತ್ತು, ಅಜ್ಜನ ಕಡೆ ಕಿವಿ ಕೊಡಲು ಅದಕ್ಕೆ ಪುರುಸೊತ್ತೇ ಇರಲಿಲ್ಲ. ಸೆಟ್ಟಿನಲ್ಲಿ ಏನೂ ಕೊರತೆ ಇರಲಿಲ್ಲ. ನಾವು ಸಂದು ಬಿಡುವುದನ್ನು ಮರೆತಿದ್ದೆವು.

ಮರುಪ್ರಸಾರ ನಿಲ್ಲಿಸಿ ಮೈಕು ಎತ್ತಿದೆ. ಬಾಯಿಗೆ ಬೈಗುಳ ಬಂದಿತ್ತು. ಒತ್ತಿದೆ, ಉಸಿರು ತೆಗೆದುಕೊಂಡೆ.

“ಎಲ್ಲಾರೂ ಗುಂಡಿ ಬಿಡ್ರಿ. ಬಂಡ್ರಿಯಿಂದ ಅಜ್ಜ ಆಗಿನಿಂದ ಕರಿಯಾಕತ್ಯಾರ. ಸಂದು ಬಿಡ್ರಿ.”

ಮತ್ತೆ ಮರುಪ್ರಸಾರ ಹಚ್ಚಿದೆ. ಗುಡ್ಡದ ಮೇಲೆ ಗಾಳಿ ಬಿಟ್ಟರೆ ಏನೂ ಇಲ್ಲ. ಆಮೇಲೆ ಸೆಟ್ಟಿನ ದೀಪ ಹತ್ತಿತು. ಒಂದು ಉಸಿರಿನ ಸದ್ದು. ಅಜ್ಜ ತಮ್ಮ ಕರೆಸಂಕೇತವನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿದರು.

“ಬಂಡ್ರಿಯಿಂದ ಮಾತಾಡಾಕತ್ತೀನಿ. ಎಲ್ಲಾರೂ ಅದೀರೇನು?”

ಯಾರೂ ಉತ್ತರಿಸಲಿಲ್ಲ. ಎಲ್ಲರೂ ಸಂದು ಬಿಡುತ್ತಿದ್ದರು. ಒಬ್ಬರಿಗಿಂತ ಒಬ್ಬರು ಹೆಚ್ಚು.

“ಏನ್ರಪ್ಪ,” ಎಂದರು ಅಜ್ಜ, “ನಾ ಗಟ್ಟಿ ಅದೀನಿ, ನೀವೆಲ್ಲ ಸತ್ರೇನು?”

ಆಮೇಲೆ ಎಲ್ಲರೂ ಒಟ್ಟಿಗೆ ಗುಂಡಿ ಒತ್ತಿ ಗದ್ದಲವೋ ಗದ್ದಲ. ನಾನೊಬ್ಬನೇ ಜೀಪಿನಲ್ಲಿ ಕೂತು ಸ್ಟಿಯರಿಂಗ್ ಬಡಿಯುತ್ತ ನಕ್ಕೆ. ಕಣ್ಣೊರೆಸಿಕೊಂಡದ್ದನ್ನು ನೋಡಲು ಅಲ್ಲಿ ಯಾರೂ ಇರಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಗುಡ್ಡ. ಹಾಜರಿ ಮತ್ತೆ ಅಜ್ಜನ ಕೈಗೆ ಬಂತು. ಗಿರಣಿಯವರೇ ಒಪ್ಪಿಸಿದರು. ಮಗಳು ಹೇಳುತ್ತಿದ್ದಳು, ಶನಿವಾರವೇ ಗಡ್ಡ ಮಾಡಿಸು ಎಂದು ಹಟ ಹಿಡಿಯುತ್ತಾರೆ, ಯಾರಿಗೂ ಕಾಣುವುದಿಲ್ಲ ಎಂದರೂ ಕೇಳುವುದಿಲ್ಲ ಎಂದು. ಮಳೆಗಾಲದಲ್ಲಿ ಕೆಂಪು ಕೆಸರಿಗೆ ಜೀಪು ಸಿಕ್ಕಿಬಿದ್ದಾಗ ಗಣಿ ಲಾರಿಯವರಿಂದ ಎಳೆಸಿಕೊಂಡು ಹೋದೆ. ಬೇಸಿಗೆಯಲ್ಲಿ ಸೆಟ್ಟಿಗೆ ಒದ್ದೆ ಗೋಣಿಯ ನೆರಳು ಕಟ್ಟಿದೆ. ಒಂದು ವಾರವೂ ತಪ್ಪಿಸಲಿಲ್ಲ. ನಾನು ತಪ್ಪಿಸುವ ಜಾತಿಯವನಲ್ಲ.

ಒಂದು ಭಾನುವಾರ ಹಾಜರಿಯ ಹೊತ್ತಾಯಿತು. ಎಲ್ಲರೂ ಕಾದಿದ್ದೆವು. ದೀಪ ಹತ್ತಿತು. ಉಸಿರಿನ ಸದ್ದು ಬಂತು. ಮಾತು ಬರಲಿಲ್ಲ.

ಬಹಳ ಹೊತ್ತು ದೀಪ ಹತ್ತಿಯೇ ಇತ್ತು. ಉಸಿರು ಬಿಕ್ಕಳಿಸುತ್ತಿತ್ತು, ಅದು ಅಜ್ಜನದಲ್ಲ. ಲೈಸೆನ್ಸ್ ಇಲ್ಲದವಳು ಗುಂಡಿ ಒತ್ತಿದ್ದಳು. ತಂದೆಯ ಮಾತು ಮೀರಿದ್ದು ಅಷ್ಟಕ್ಕೇ, ಒಂದೇ ಒಂದು ಶಬ್ದ ಆಡಲಿಲ್ಲ. ಆಮೇಲೆ ದೀಪ ಆರಿತು.

ಈ ಕಡೆಯೂ ಯಾರೂ ಒತ್ತಲಿಲ್ಲ. ಅಷ್ಟು ದೊಡ್ಡ ಸಂದನ್ನು ನಾವು ಯಾವತ್ತೂ ಬಿಟ್ಟಿರಲಿಲ್ಲ. ನಾನು ಸೆಟ್ಟು ಆಫ್ ಮಾಡಿ ಬಂಡ್ರಿಯ ಕಡೆ ಗುಡ್ಡ ಇಳಿದೆ.

ಈಗಲೂ ಅಂಗಡಿಗೆ ಬಂದ ಗಿರಾಕಿ ಏನಾದರೂ ಕೇಳಿದರೆ ನಾನು ತಟ್ಟನೆ ಉತ್ತರ ಕೊಡುವುದಿಲ್ಲ. ಸಾಲಿ ಕಲಿಯದಿದ್ದರೂ ಗತ್ತು ಭಾಳ ಐತಿ ಎಂದು ಹಿಂದಿನಿಂದ ಆಡಿಕೊಳ್ಳುತ್ತಾರೆ, ನನಗೆ ಗೊತ್ತು. ಆಡಿಕೊಳ್ಳಲಿ. ಅವರು ಇನ್ನೂ ಏನೋ ಹೇಳುವುದಿರಬಹುದು ಎಂದು ನಾನು ಕಾಯುತ್ತಿರುತ್ತೇನೆ.